ಟ್ರೇಲರಿಗೊಂದು ಹೊಸ್ತಿಲು

ನನ್ನ ಮನೆಯಲ್ಲಿ ನಾನು ಒಂದು ವರ್ಷದಿಂದ ಕಾಲಿಡದ ಕೋಣೆಯೊಂದಿದೆ. ದೆವ್ವದ ಕಾಟವೇನಿಲ್ಲ. ಬಾಗಿಲು ತೆರೆದರೆ ಮಿಕ್ಸಿಯ ಖಾಲಿ ಡಬ್ಬ, ಕಾಲು ಮುರಿದ ಕುರ್ಚಿ, ಗೃಹಪ್ರವೇಶದ ದಿನ ಉಡುಗೊರೆ ಬಂದ ಏಳು ಗೋಡೆ ಗಡಿಯಾರಗಳು ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆಂಬ ಭಯ, ಅಷ್ಟೇ. ಅದಕ್ಕೆ ನಾವಿಟ್ಟ ಹೆಸರು ಅತಿಥಿಗಳ ಕೋಣೆ. ಅತಿಥಿಗಳು ಬಂದರೆ ಪಡಸಾಲೆಯಲ್ಲಿ ಮಲಗುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಈ ಮನೆ ಕಟ್ಟಿಸಲು ನನಗೆ ಮೂರು ವರ್ಷ ಹಿಡಿಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಆದರೂ ಮೆಟ್ಟಿಲಿನ ಲೆಕ್ಕ ಎಲ್ಲೋ ತಪ್ಪಿ, ಕೊನೆಯ ಮೆಟ್ಟಿಲು ಉಳಿದವುಗಳ ಅರ್ಧದಷ್ಟೇ ಎತ್ತರವಾಯಿತು. ಮಹಡಿಗೆ ಹೋಗುವವರೆಲ್ಲ ಅಲ್ಲೊಮ್ಮೆ ಮುಗ್ಗರಿಸಿಯೇ ಹೋಗುತ್ತಾರೆ.

ಇಂಥ ನನ್ನನ್ನು ಹುಡುಕಿಕೊಂಡು ಕೊಟ್ರೇಶ ಮನೆ ಕಟ್ಟುವ ಸಲಹೆ ಕೇಳಲು ಬಂದ ಎಂದರೆ, ಅವನು ನನ್ನ ಮಹಡಿ ಹತ್ತಿರಲಿಲ್ಲವೆಂದೇ ಅರ್ಥ. ಕೊಟ್ರೇಶ ನನ್ನ ಹಳೆಯ ವಿದ್ಯಾರ್ಥಿ, ಹರಪನಹಳ್ಳಿ ಕಡೆಯ ಅರಸೀಕೆರೆಯವನು. ವರ್ಷದ ಎಂಟು ತಿಂಗಳು, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತ, ನಮ್ಮೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಾನೆ. ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ತನ್ನ ಟ್ರ್ಯಾಕ್ಟರಿಗೆ ಒಕ್ಕುವ ಮಷೀನು ಕಟ್ಟಿಕೊಂಡು ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಂದು ನಾಲ್ಕು ತಿಂಗಳು ಹೊಲದಿಂದ ಹೊಲಕ್ಕೆ ತಿರುಗುತ್ತಾನೆ.

"ಸರ, ಗಾಲಿ ಮ್ಯಾಲ ಒಂದು ಮನಿ ಕಟ್ಟಬೇಕು ಅಂತ ಮಾಡೀನ್ರಿ," ಎಂದ.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಏನು ಹೇಳಬೇಕೆಂದು ತಿಳಿಯದಿದ್ದಾಗ ಮೇಷ್ಟ್ರುಗಳಿಗಿರುವ ಏಕೈಕ ಉಪಾಯ ಅದು.

ವಿಷಯ ಬಿಡಿಸಿ ಹೇಳಲು ಅವನಿಗೆ ನಾಚಿಕೆ. ಎರಡು ಲೋಟ ಚಹಾ ಆದ ಮೇಲೆ ಬಾಯಿ ಬಿಟ್ಟ. ಅವನ ಹೆಂಡತಿ ಗಂಗಮ್ಮ ಮದುವೆಯಾದ ಮೊದಲ ಮೂರು ವರ್ಷ ಸುಗ್ಗಿಯ ಕಾಲದಲ್ಲಿ ಅತ್ತೆಯ ಜೊತೆ ಊರಲ್ಲೇ ಇದ್ದಳು. ನಾಲ್ಕನೆಯ ವರ್ಷ, "ಮದುವಿ ಆಗಿದ್ದು ಒಟ್ಟಿಗೆ ಇರಾಕಲ್ಲೇನು?" ಎಂದು ಕೇಳಿ, ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿಬಿಟ್ಟಳು. ಆ ನಾಲ್ಕು ತಿಂಗಳು ಗುಡಿಯ ಕಟ್ಟೆ, ಶಾಲೆಯ ವರಾಂಡ, ಮಷೀನಿನ ಪಕ್ಕ ತಾಡಪಾಲು, ಹೀಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸಂಸಾರ. ಗಂಡಸು ಬೋರ್‌ವೆಲ್ಲಿನ ಪೈಪಿನ ಕೆಳಗೆ ನಿಂತರೆ ಸ್ನಾನವಾಯಿತು. ಅವಳು ನಸುಕಿಗೇ ಎದ್ದು ಎರಡು ಸೀರೆಗಳ ಮರೆ ಕಟ್ಟಿಕೊಂಡು, ಯಾರಾದರೂ ಬಂದಾರೆಂದು ಅರ್ಧ ನೀರಿಗೇ ಮುಗಿಸಬೇಕು. ಸುಗ್ಗಿ ಮುಗಿಸಿ ಊರಿಗೆ ಬಂದ ದಿನವೇ ಹೇಳಿದಳಂತೆ: "ಒಳಗಿಂದ ಚಿಲಕ ಹಾಕೋ ಬಾಗಲಾ ಇದ್ರ ಬರ್ತೀನಿ. ಇಲ್ಲಾಂದ್ರ ಇನ್ನ ನೀವೊಬ್ರೇ ಹೋಗ್ರಿ."

"ಒಬ್ಬನೇ ಹೋಗೋದು ಆಗಂಗಿಲ್ಲ ಸರ," ಎಂದ ಕೊಟ್ರೇಶ, ಲೋಟದ ತಳ ನೋಡುತ್ತ. "ರೂಢಿ ತಪ್ಪೇತಿ."

ಆರು ಅಡಿ ಎತ್ತರದ, ಕಬ್ಬಿಣವನ್ನು ಕಡ್ಡಿಯಂತೆ ಬಗ್ಗಿಸುವ ಮನುಷ್ಯ ಹೀಗೆ ಹೇಳಿದ್ದು ಕೇಳಿ ನನಗೆ ಅವನ ಮೇಲೆ ಅಭಿಮಾನ ಉಕ್ಕಿತು. ಆ ಉತ್ಸಾಹದಲ್ಲಿಯೇ ಗ್ರಾಫ್ ಹಾಳೆ ತಂದು, ಅಳತೆಪಟ್ಟಿ ಹಿಡಿದು, ಅವನು ಹೇಳಿದ ಟ್ರೇಲರಿನ ಅಳತೆಗೆ, ಹನ್ನೆರಡು ಅಡಿ ಉದ್ದ ಆರು ಅಡಿ ಅಗಲದ ನಕ್ಷೆಯೊಂದನ್ನು ಬರೆದುಕೊಟ್ಟೆ. ಕೊಟ್ರೇಶ ಅದನ್ನು ಭಕ್ತಿಯಿಂದ ಮಡಚಿ ಜೇಬಿನಲ್ಲಿಟ್ಟುಕೊಂಡ. ಅವನು ಹೋದ ಮೇಲೆ ನನ್ನ ಹೆಂಡತಿ ಕಚ್ಚಾ ಪ್ರತಿ ನೋಡಿ, "ಬಾಗಲಾ ತೆಗದ್ರ ಮಂಚಕ್ಕ ಬಡೀತೈತಲ್ರಿ. ಒಳಗ ಹೆಂಗ ಹೋಗೋದು, ಕಿಟಿಕಿಯಾಗೇನು?" ಎಂದಳು.

ಪುಣ್ಯಕ್ಕೆ ಕೊಟ್ರೇಶ ಆ ನಕ್ಷೆಯನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಹಳೆಯದೊಂದು ನಾಲ್ಕು ಗಾಲಿಯ ಟ್ರೇಲರಿನ ಮೇಲೆ ಅವನು ಮನೆ ಕಟ್ಟಿದ್ದು ತನ್ನ ಮೈ ಅಳತೆಯಿಂದ. ಹಲಗೆಯ ಮೇಲೆ ಉದ್ದಕ್ಕೆ ಮಲಗಿ, "ಹೊಳಲು ದೇವರಂಗ ಕಾಲು ಚಾಚಬೇಕ್ರಿ ಸರ," ಎಂದು ತಲೆ ಮತ್ತು ಹಿಮ್ಮಡಿಯ ಹತ್ತಿರ ಸುಣ್ಣದಲ್ಲಿ ಗೆರೆ ಹಾಕಿಸಿಕೊಂಡ. ಹೊಳಲಿನ ಅನಂತಶಯನ ಶತಮಾನಗಳಿಂದ ಹಾಯಾಗಿ ಕಾಲು ಚಾಚಿ ಮಲಗಿದ್ದಾನೆ, ನಿಜ. ಆದರೆ ಆತ ಬೆಳಿಗ್ಗೆ ಎದ್ದು ಇನ್ನೊಬ್ಬರ ಹೊಲಕ್ಕೆ ಹೋಗಬೇಕಾಗಿಲ್ಲ. ಒಲೆಯ ಕಟ್ಟೆಯ ಎತ್ತರಕ್ಕೆ ಗಂಗಮ್ಮನ ಮೊಣಕೈ ಅಳತೆ. ಅದನ್ನು ಅವಳಿಗೆ ತಿಳಿಯದಂತೆ, ಅವಳು ಅರಸೀಕೆರೆಯ ಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಾಗ ಬೆರಳಿನಲ್ಲಿ ಗುರುತು ಹಾಕಿ ತಂದಿದ್ದನಂತೆ. ಇಂಥ ಅಳತೆಯನ್ನು ನಾನು ಯಾವ ಗಣಿತದ ಪುಸ್ತಕದಲ್ಲೂ ಕಂಡಿಲ್ಲ.

ಸಂಜೆಯ ವಾಕಿಂಗಿನ ನೆಪದಲ್ಲಿ ನಾನು ದಿನಾ ಅಂಗಡಿಗೆ ಹೋಗುತ್ತಿದ್ದೆ. ಚೌಕ ಪೈಪಿನ ಚೌಕಟ್ಟು ಎದ್ದಿತು. ಹೊರಗೆ ತಗಡು, ಒಳಗೆ ಪ್ಲೈವುಡ್ಡು, ಬಿಸಿಲು ತಡೆಯಲು ನಡುವೆ ಥರ್ಮಾಕೋಲು. ಮಂಚದ ಹೊಟ್ಟೆಯಲ್ಲಿ ಜೋಳ, ಅಕ್ಕಿ, ಹಾಸಿಗೆ. ಮೂಲೆಯಲ್ಲಿ ಒಬ್ಬರು ನಿಂತು ನೆಮ್ಮದಿಯಾಗಿ ತಂಬಿಗೆ ಎತ್ತಬಹುದಾದ ಬಚ್ಚಲು, ಅದರ ಮೇಲೆ ನೀರಿನ ಟ್ಯಾಂಕು. ಕುಕ್ಕರಿನಿಂದ ಹಿಡಿದು ಸೌಟಿನವರೆಗೆ ಪ್ರತಿ ಪಾತ್ರೆಗೂ ಒಂದು ಕೊಕ್ಕೆ, ಒಂದು ಬೆಲ್ಟು. ನನ್ನ ಮನೆಯಲ್ಲಿ ಕತ್ತರಿ ಹುಡುಕಲು ಎರಡು ಪೀಳಿಗೆ ಬೇಕು. ಅಲ್ಲಿ ಕೈ ಚಾಚಿದರೆ ಸಂಸಾರವೆಲ್ಲ ಸಿಗುತ್ತಿತ್ತು. ವಾಸ್ತುವಿನ ವಿಚಾರದಲ್ಲಂತೂ ನನಗೆ ಹೊಟ್ಟೆಕಿಚ್ಚೇ ಆಯಿತು. ಅಡುಗೆಮನೆ ಆಗ್ನೇಯಕ್ಕಿಲ್ಲವೆಂದು ಯಾರೋ ಹೇಳಿದ್ದಕ್ಕೆ ನಾನು ಎದ್ದ ಗೋಡೆ ಕೆಡವಿಸಿದವನು. ಕೊಟ್ರೇಶನ ಮನೆಗೆ ದೋಷವಿದೆಯೆಂದು ಯಾರಾದರೂ ಹೇಳಿದರೆ ಅವನು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ಸ್ಟೇರಿಂಗ್ ತಿರುಗಿಸಿದರಾಯಿತು. ಗಾಡಿ ನಂಬರನ್ನೇ ಮನೆ ನಂಬರಾಗಿ ಬೆನ್ನಿಗೆ ಬರೆದುಕೊಂಡ ಮನೆಯೂ ನಮ್ಮ ತಾಲ್ಲೂಕಿನಲ್ಲಿ ಅದೊಂದೇ ಇದ್ದೀತು.

ಸುಗ್ಗಿಗೆ ಇನ್ನು ಮೂರೇ ದಿನ ಇರುವಾಗ ಕೊಟ್ರೇಶ ಗಂಗಮ್ಮನನ್ನು ಊರಿನಿಂದ ಕರೆಸಿದ. ಅಂಗಡಿಯವರೆಲ್ಲ ಕೆಲಸ ಬಿಟ್ಟು ನಿಂತಿದ್ದರು. ನಾನು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಸಣ್ಣ ಮೈಯ, ಚುರುಕು ಕಣ್ಣಿನ ಹೆಣ್ಣುಮಗಳು. ಮನೆಯ ಸುತ್ತ ಒಂದು ಸುತ್ತು ಬಂದಳು. ಕಿಟಕಿಯಲ್ಲಿ ಇಣುಕಿ ಒಲೆ ನೋಡಿದಳು. ಹಿಂಭಾಗದ ಮೂರು ಮೆಟ್ಟಿಲು ಹತ್ತಿ, ಹೊರಗಿನಿಂದಲೇ ಕೈಚಾಚಿ ಬಾಗಿಲಿನ ಚಿಲಕವನ್ನು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದಳು. ಮುಖ ಅರಳಿತು. ನಾವೆಲ್ಲ ಇನ್ನೇನು ಒಳಗೆ ಹೋಗುತ್ತಾಳೆ ಎನ್ನುವಷ್ಟರಲ್ಲಿ ಕೆಳಗೆ ನೋಡಿದಳು. ಅಲ್ಲೇ ನಿಂತಳು.

"ಹೊಸ್ತಿಲಾ ಎಲ್ಲಿ?" ಎಂದಳು.

ತಪ್ಪು ಎಲ್ಲಾಯಿತೆಂದು ನನಗೆ ಆಮೇಲೆ ಹೊಳೆಯಿತು. ಟ್ರೇಲರ್ ಕಟ್ಟುವವರ ಕೈಗೆ ಒಂದು ಪಾಠ ಅಂಟಿಕೊಂಡಿರುತ್ತದೆ: ಹಿಂದಿನ ಅಂಚಿನಲ್ಲಿ ಒಂದು ಬೆರಳೂ ಎತ್ತರ ಉಳಿಯಬಾರದು. ಉಳಿದರೆ ಕಾಳು ಎಳೆದು ಸುರಿಯುವಾಗ ಸಲಿಕೆ ಎಡವುತ್ತದೆ, ಗಿರಾಕಿ ಬೈಯುತ್ತಾನೆ. ಕೊಟ್ರೇಶ ಎಲ್ಲವನ್ನೂ ಹೆಂಡತಿಗಾಗಿ ಕಟ್ಟಿದ್ದ, ಆ ಅಂಚನ್ನು ಮಾತ್ರ ಗಿರಾಕಿಗಾಗಿ ಕಟ್ಟಿದ್ದ. ನೆಲ ಒಳಗಿನಿಂದ ನುಣ್ಣಗೆ ಬಂದು ಗಾಳಿಯಲ್ಲಿ ಮುಗಿಯುತ್ತಿತ್ತು.

"ಗಾಡಿಗೆ ಹೊಸ್ತಿಲಾ ಯಾರು ಹಾಕ್ಯಾರಲೇ?" ಎಂದ ಕೊಟ್ರೇಶ, ನಗಲು ನೋಡುತ್ತ.

"ಗಾಡಿ ಆದ್ರ ಬ್ಯಾಡ ಬಿಡ್ರಿ. ಮನಿ ಅಂತ ಕರಸಿದ್ರಿ, ಅದಕ್ಕ ಬಂದೀನಿ."

"ಕಬ್ಬಿಣದ್ದು ಒಂದು ಪಟ್ಟಿ ಬೆಸೀತೀನಿ, ಹತ್ತು ನಿಮಿಷದ ಕೆಲಸ."

"ಕಬ್ಬಿಣಕ್ಕ ಅರಿಷಿಣ ಹಚ್ಚಲೇನು? ಸೇರು ಒದ್ದು ಒಳಗ ಬಂದಾಕಿ ನಾನು. ಇಲ್ಲಿ ಸೇರು ಇಡಾಕ ಜಾಗ ಎಲ್ಲೈತಿ ತೋರಸ್ರಿ."

ನಾನು ನಡುವೆ ಬಾಯಿ ಹಾಕಿ, ಈ ವರ್ಷ ಹೀಗೇ ಹೋಗಿಬನ್ನಿ, ಮುಂದಿನ ವರ್ಷ ನೋಡೋಣ ಎಂದೆ. ಗಂಗಮ್ಮ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಸರ, ನಾಕು ತಿಂಗಳು ಮಂದಿ ಕಟ್ಟಿ ಮ್ಯಾಲ ಮಲಗೀನ್ರಿ. ಯಾರ್ ಬೇಕಾದ್ರೂ ನಮ್ಮ ಹಾಸಿಗಿ ದಾಟಿಕೊಂಡು ಹೋಗೋರು. ಒಳಗ ಯಾವುದು, ಹೊರಗ ಯಾವುದು ಅಂತ ಒಂದು ಗುರುತು ಬೇಕಲ್ರಿ. ಅದಿಲ್ಲಾಂದ್ರ ನಾನು ಊರಾಗ ಇರ್ತೀನಿ, ಇವರು ಹೋಗಿ ಬರಲಿ." ಮೆಟ್ಟಿಲಿಳಿದು ನನ್ನ ಹೆಂಡತಿಯ ಪಕ್ಕ ನಿಂತಳು. ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡಳು. ಯಾರ ಪಕ್ಷವೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಬಾಗಿಲು ಒಳಕ್ಕೆ ತೆರೆಯುತ್ತಿತ್ತು, ನೆಲಕ್ಕೆ ಸರಿಯಾಗಿ ಕೂತಿತ್ತು. ಹೊಸ್ತಿಲು ಎದ್ದರೆ ಬಾಗಿಲು ತೆರೆಯದು. ಅದನ್ನು ಬಿಚ್ಚಿ, ಕೆಳಗಿನ ಪೈಪು ಕತ್ತರಿಸಿ, ಮೇಲಕ್ಕೆ ಬೆಸೆದು, ಮತ್ತೆ ಬಣ್ಣ ಹೊಡೆಯಬೇಕು. ಅಷ್ಟು ಮುದ್ದಾಗಿ ಹಸಿರು ಬಣ್ಣ ಹೊಡೆದು ಒಂದು ವಾರವೂ ಆಗಿರಲಿಲ್ಲ. ಕೊಟ್ರೇಶ ಗ್ರೈಂಡರಿನ ಸ್ವಿಚ್ಚು ಒತ್ತಿ, ತನ್ನ ಕೈಯಾರೆ ಮಾಡಿದ ಬಾಗಿಲಿಗೆ ತಾನೇ ಹಲ್ಲು ಹಚ್ಚಿದ. ಕಿಡಿಗಳು ಹಾರುತ್ತಿದ್ದರೆ ಗಂಗಮ್ಮ ಸೆರಗಿನ ಮರೆಯಲ್ಲಿ ನಗುತ್ತಿದ್ದಳು, ಕಣ್ಣಿನಲ್ಲಿ ನೀರೂ ಇತ್ತು. ಮಾತಿನಲ್ಲಿ ಗೆಲ್ಲಬಲ್ಲ ಗಂಡಂದಿರನ್ನು ನಾನು ಬಹಳ ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬನೆಂದು ಭಾವಿಸಿದ್ದೇನೆ. ಮಾಡಿದ್ದನ್ನು ಕತ್ತರಿಸಬಲ್ಲ ಗಂಡನನ್ನು ಕಂಡದ್ದು ಅವತ್ತೇ.

ಬಡಗಿಯ ಹತ್ತಿರ ಹೋಗಿ ಹೊಸ್ತಿಲಿಗೆ ಬೇವಿನ ತುಂಡನ್ನು ಗಂಗಮ್ಮನೇ ಆರಿಸಿ ತಂದಳು. ಮೂರನೆಯ ದಿನ ಪೂಜೆ. ಇದು ಗೃಹಪ್ರವೇಶವೋ ವಾಹನಪೂಜೆಯೋ ಎಂದು ಬಂದ ಅಯ್ಯನವರಿಗೇ ಗೊಂದಲವಾಯಿತು. ಕೊನೆಗೆ ಗಾಲಿಗಳ ಕೆಳಗೆ ನಿಂಬೆಹಣ್ಣು, ಒಲೆಯ ಮೇಲೆ ಹಾಲು, ಎರಡೂ ಆಗಲಿ ಎಂದರು. ಕೊಟ್ರೇಶನ ತಾಯಿ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟರು. ಮದುವೆಯಾಗಿ ಐದನೆಯ ವರ್ಷಕ್ಕೆ ಗಂಗಮ್ಮ ಎರಡನೆಯ ಸಲ ಸೇರು ಒದ್ದಳು. ಮೊದಲ ಸಲದ ನಾಚಿಕೆ ಈಗ ಎಲ್ಲಿಂದ ಬರಬೇಕು? ಅಕ್ಕಿ ಒಲೆಯವರೆಗೂ ಹೋಯಿತು. ಮುಂದೆ ಟ್ರ್ಯಾಕ್ಟರು, ನಡುವೆ ಮಷೀನು, ಹಿಂದೆ ಹಸಿರು ಬಾಗಿಲಿನ ಮನೆ, ಮೂರೂ ಸಾಲಾಗಿ ಊರು ಬಿಟ್ಟಾಗ ರಸ್ತೆಯಲ್ಲಿದ್ದವರೆಲ್ಲ ನಿಂತು ನೋಡಿದರು.

ಆಮೇಲೆ ಅವರನ್ನು ಕಂಡದ್ದು ಹೊಳಲಿನಲ್ಲಿ. ಅಲ್ಲಿ ನನ್ನ ತಂಗಿಯ ಮನೆ. ಊರಾಚೆಯ ಹೊಲದಲ್ಲಿ ಗಾಲಿಮನೆ ಬಂದಿದೆಯೆಂದು ಕೇಳಿ ಮಧ್ಯಾಹ್ನ ನಡೆದುಕೊಂಡೇ ಹೋದೆ. ಮನೆಯೊಳಗೆ ಹೋಗುವಾಗ ತಲೆ ಬಡಿದುಕೊಂಡೆ, ಬರುವಾಗ ಇನ್ನೊಮ್ಮೆ ಬಡಿದುಕೊಂಡೆ. ಗಂಗಮ್ಮ ರೊಟ್ಟಿ ಬಡಿಯುತ್ತಿದ್ದರೆ ಗಾಡಿಯ ಸ್ಪ್ರಿಂಗ್ ಪಟ್ಟಿಗಳ ಮೇಲೆ ಕೂತ ಇಡೀ ಮನೆ ಅದೇ ತಾಳಕ್ಕೆ ಅಲುಗಾಡುತ್ತಿತ್ತು. ಟ್ರೇಲರಿನ ನಾಲ್ಕು ಮೂಲೆಗೂ ಕಲ್ಲು ಕೊಟ್ಟರೂ ಅಲುಗಾಟ ನಿಂತಿರಲಿಲ್ಲವಂತೆ. "ಮೊದಲು ಸಿಟ್ಟು ಬರ್ತಿತ್ರಿ," ಎಂದಳು, "ಈಗ ಅಲುಗಾಡದಿದ್ರ ರೊಟ್ಟಿನೇ ಬರಂಗಿಲ್ಲ." ಮೂರು ರೊಟ್ಟಿ ತಿಂದೆ. ಬಚ್ಚಲಿನಲ್ಲಿ ಕೈ ತೊಳೆದೆ. ಆ ಎಪ್ಪತ್ತೆರಡು ಚದರಡಿಯಲ್ಲಿ ನನಗೆ ಯಾವುದೂ ಕಡಿಮೆ ಅನಿಸಲಿಲ್ಲ. ಜಾಗವೆನ್ನುವುದು ಅಳತೆಗಿಂತ ಹೆಚ್ಚಾಗಿ ಗಮನಕ್ಕೆ ಸಂಬಂಧಿಸಿದ್ದೆಂದು ಒಂದು ದೊಡ್ಡ ವಿಚಾರ ಹೊಳೆಯಿತು. ಅದೇ ಗುಂಗಿನಲ್ಲಿ ಕನ್ನಡಕವನ್ನು ಅಲ್ಲೇ ಮರೆತು ಬಂದೆ.

ಮರುದಿನ ಬೆಳಿಗ್ಗೆ ತರಲು ಹೋದರೆ ಹೊಲ ಖಾಲಿ. ಬಿಸಿಲು ಏರುವ ಮೊದಲೇ ಮುಂದಿನ ಊರಿಗೆ ಹೊರಟು ಹೋಗಿದ್ದರು. ಹೊಲದ ಯಜಮಾನಿ, ವಯಸ್ಸಾದ ಹೆಂಗಸು, ಬದುವಿನ ಮೇಲಿಂದ ನನ್ನನ್ನು ಕಂಡು ಕನ್ನಡಕ ಎತ್ತಿ ತೋರಿಸಿದಳು. ಗಂಗಮ್ಮ ಕೊಟ್ಟು ಹೋಗಿದ್ದಳಂತೆ. ಮಬ್ಬು ಕಣ್ಣಿನಲ್ಲಿ ನಾನು ಖಾಲಿ ಹೊಲವನ್ನು ಅಡ್ಡ ಹಾಯ್ದು ಅವಳ ಕಡೆ ನೇರ ನಡೆದೆ.

"ಏ ಯಪ್ಪಾ, ಅಲ್ಲಿ ತುಳೀಬ್ಯಾಡ್ರಿ!" ಎಂದು ಕೂಗಿದಳು.

ನಿಂತು ಬಗ್ಗಿ ನೋಡಿದೆ. ಕಾಲ ಮುಂದೆ ಅಂದು ನಸುಕಿನಲ್ಲಿ ಸಾರಿಸಿದ, ಇನ್ನೂ ಹಸಿಯಾಗಿದ್ದ ಒಂದು ಮೊಳ ನೆಲ. ಅದರ ಮೇಲೆ ಅಚ್ಚುಕಟ್ಟಾದ ಎಂಟೆಳೆಯ ರಂಗೋಲಿ, ನಡುವೆ ಒಂದು ಚಿಟಿಕೆ ಅರಿಷಿಣ. ಆಚೆಗೆ ಗಾಲಿಗಳ ಗುರುತು, ನಾಲ್ಕು ಮೂಲೆಯ ಕಲ್ಲು, ಅದರಾಚೆ ಬರೀ ಬಯಲು.

"ಅದು ಅವರ ಬಾಗಲಾ," ಎಂದಳು ಮುದುಕಿ. "ಸುತ್ತು ಹಾಕಿ ಬರ್ರಿ."

ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಇಲ್ಲದ ಗೋಡೆಯ ಪಕ್ಕದಲ್ಲಿ ಸುತ್ತು ಹಾಕಿ ಹೋದೆ.