ಬೊಯ್ನಾಕ್‌ನ ಜೊಲ್ಲು

ನರಿನ್ ಎಂಬ ಬೆಟ್ಟಸೀಮೆಯ ಪಶುವೈದ್ಯೆ ಸಾಯ್ರಕಾನ್ ಇಪ್ಪತ್ತಾರು ವರ್ಷ ಕುದುರೆ, ಕುರಿ, ನಾಯಿಗಳ ಬಾಯಿಗೆ ಕೈ ಹಾಕಿದವಳು. ಹೆದರಿದ್ದು ಕಡಿಮೆ. ಆದರೆ ಆ ಏಪ್ರಿಲ್‌ನಲ್ಲಿ ಕುರಿಗಾಹಿ ಮಾಮಸಾಲಿಯ ನಾಯಿ ಬೊಯ್ನಾಕ್‌ನ ದವಡೆ ಬಿಡಿಸಿ ನೋಡಿ ಕೈ ತೆಗೆದಾಗ, ಕೈಗವಸು ಹರಿದಿತ್ತು. ಬೆಳಿಗ್ಗೆ ಕತ್ತರಿ ತಾಗಿ ಗಾಯವಾಗಿದ್ದ ಬೆರಳಿಗೆ ಜೊಲ್ಲು ಮೆತ್ತಿಕೊಂಡಿತ್ತು.

ಸೋಪು ಹಚ್ಚಿ ಕಾಲು ಗಂಟೆ ತೊಳೆದಳು.

“ಮೂರು ದಿನದಿಂದ ಹಿಂಗೇ ಸುರೀತೈತೆ ಅಕ್ಕ,” ಎಂದ ಮಾಮಸಾಲಿ. ಬಂದೂಕು ಹೆಗಲಲ್ಲೇ ಇತ್ತು. “ಹುಚ್ಚೇ ಇದು. ನೀವು ಹೂಂ ಅನ್ನಿ, ಮುಗಿಸಿಬಿಡ್ತೀನಿ.”

“ನೀರು ಕುಡೀತದಾ?”

“ಕುಡೀತೈತೆ. ಗುಟುಕು ಗುಟುಕು ನುಂಗ್ತಾನೇ ಇರ್ತೈತೆ. ಕತ್ತು ಮುಟ್ಟಿದ್ರೆ ಕುಂಯ್ಗುಡ್ತೈತೆ.”

ದವಡೆಯ ಕೆಳಗೆ ಎರಡೂ ಕಡೆ ಜೊಲ್ಲಿನ ಗ್ರಂಥಿಗಳು ಊದಿ ಗಟ್ಟಿಯಾಗಿದ್ದವು. ಇಂಥದ್ದು ಮೂರ್ಛೆರೋಗದ ಒಂದು ರೂಪ ಇರಬಹುದು, ಫಿಟ್ಸ್‌ಗೆ ಕೊಡುವ ಫಿನೊಬಾರ್ಬಿಟಾಲ್ ಗುಳಿಗೆಗೇ ನಿಲ್ಲುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಆದರೆ ಹುಚ್ಚೇ ಆಗಿದ್ದರೆ?

“ಹೊಡೀಬೇಡ. ಸರಪಳಿ ಹಾಕಿ ಕೊಟ್ಟಿಗೇಲಿ ಕೂಡಿಹಾಕು. ಹತ್ತು ದಿನ ಬದುಕಿದ್ರೆ ಹುಚ್ಚಲ್ಲ ಅಂತ ಲೆಕ್ಕ.”

“ಬದುಕದಿದ್ರೆ, ನಿಮ್ ಕೈ?”

ಸಾಯ್ರಕಾನ್ ಅಂದೇ ಪಟ್ಟಣಕ್ಕೆ ಹೋಗಿ ಹುಚ್ಚಿನ ಸೂಜಿ ಚುಚ್ಚಿಸಿಕೊಂಡಳು. ಆದರೂ ಪ್ರತಿ ಬೆಳಿಗ್ಗೆ ಚಹಾ ಬಾಯಿಗಿಟ್ಟು, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂದು ಕಾಯುವಳು; ಹುಚ್ಚು ತಗುಲಿದವರಿಗೆ ನೀರೂ ಇಳಿಯದು. ಇಳಿದ ಮೇಲೆ ಕುದುರೆಯೇರಿ ಕೊಟ್ಟಿಗೆಗೆ ಹೋಗಿ, ಹಲಗೆಯ ಸಂದಿಯಿಂದ ಇಣುಕುವಳು.

ಆರನೆಯ ದಿನ ಅವಳ ಕಣ್ಣೆದುರೇ ಬೊಯ್ನಾಕ್ ದೊಪ್ಪನೆ ಉರುಳಿತು. ನಾಲ್ಕೂ ಕಾಲು ಬಡಿಯಿತು. ಬಾಯಲ್ಲಿ ನೊರೆ. ಸಾಯುವ ಹುಚ್ಚುನಾಯಿಯೂ ಹೀಗೇ ಒದ್ದಾಡುತ್ತದೆ. ಮಾಮಸಾಲಿ ಬಂದೂಕು ಎತ್ತಿದ.

“ತಡಿ,” ಎಂದಳು.

“ಇನ್ನೇನ್ ನೋಡೋದೈತೆ ಅಕ್ಕ?”

“ಒಂದು ನಿಮಿಷ.”

ನಿಮಿಷ ಕಳೆದಿರಬೇಕು. ನಾಯಿ ತಡವರಿಸುತ್ತ ಎದ್ದು, ಬಟ್ಟಲಿಗೆ ಹೋಗಿ ನೀರು ನೆಕ್ಕಿತು. ಸಾಯ್ರಕಾನ್ ಬಂದೂಕಿನ ನಳಿಗೆಯನ್ನು ಕೈಯಿಂದ ಕೆಳಗಿಳಿಸಿದಳು.

ಹತ್ತನೆಯ ದಿನ ಅದು ಬಡಕಲಾಗಿತ್ತು, ಬದುಕಿತ್ತು. ಕುರಿಬಾಲದ ಕೊಬ್ಬಿನಲ್ಲಿ ಫಿಟ್ಸ್‌ನ ಗುಳಿಗೆ ಅಡಗಿಸಿ ಕೊಟ್ಟಳು. ಗುಳಿಗೆ ಶುರುವಾದ ಮೂರನೆಯ ದಿನಕ್ಕೆ ಗದ್ದ ಒಣಗಿತು.

ಬೇಸಿಗೆಯಲ್ಲಿ ಅವಳು ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿದಳು. ಜೊಲ್ಲು ಮರಳಿತು. ಮತ್ತೆ ಏರಿಸಿದಳು, ನಿಂತಿತು. ಎಲ್ಲವನ್ನೂ ಎರಡು ಪುಟ ಬರೆದು ರಾಜಧಾನಿಯ ಪಶುವೈದ್ಯ ಸಂಸ್ಥೆಗೆ ಕಳಿಸಿದಳು. ‘ಒಂದೇ ನಾಯಿಯಿಂದ ಏನೂ ಸಾಬೀತಾಗದು, ಆದರೆ ಜೊಲ್ಲು ಸುರಿಸುವುದೆಲ್ಲ ಹುಚ್ಚಲ್ಲ’ ಎಂದೂ ಸೇರಿಸಿದಳು.

“ಇನ್ನು ಹೆದರಿಕೆ ಹೋಯ್ತಲ್ಲ?” ಎಂದು, ಅವಳು ಮತ್ತೆ ಬೊಯ್ನಾಕ್‌ನ ಬಾಯಿ ನೋಡಲು ಬಂದಾಗ ಮಾಮಸಾಲಿ ಛೇಡಿಸಿದ.

“ಬಾಯಿ ನೀನೇ ಬಿಡಿಸು,” ಎಂದಳು ಸಾಯ್ರಕಾನ್, ಮೊದಲನೆಯದರ ಮೇಲೆ ಎರಡನೆಯ ಜೊತೆ ಕೈಗವಸು ಏರಿಸಿಕೊಳ್ಳುತ್ತ.