ರಸ್ತೆಗಿಳಿಯದ ಕಾರು

ನಮ್ಮ ಪಕ್ಕದ ಮನೆಯವರು ಮಸ್ಕತ್ತಿನಿಂದ ಹಡಗಿನಲ್ಲಿ ಒಂದು ಕಾರು ತರಿಸಿದ್ದಾರೆ. ಬಂದು ತಿಂಗಳಾಯಿತು, ಇನ್ನೂ ಟಾರ್ಪಾಲು ಹೊದ್ದು ಮನೆ ಮುಂದೆ ನಿಂತಿದೆ. ನಿನ್ನೆ ಬೆಳಗ್ಗೆ ಅವರು ಕಾಂಪೌಂಡಿನ ಮೇಲೆ ಮೊಳಕೈ ಊರಿ, "ಕಸ್ಟಮ್ಸ್ ಕಟ್ಟಾಯ್ತು ಸಾರ್, ಈಗ ರೋಡ್ ಟ್ಯಾಕ್ಸ್ ಬೇರೆ. ಅದನ್ನೂ ಕಸ್ಟಮ್ಸ್ ಸೇರಿಸಿದ ಬೆಲೆ ಮೇಲೆ ಲೆಕ್ಕ ಹಾಕ್ತಾರಂತೆ. ಸುಂಕಕ್ಕೂ ಸುಂಕ! ಇದು ನ್ಯಾಯಾನಾ?" ಎಂದರು. ನ್ಯಾಯದ ವಿಷಯ ನನಗೆ ತಿಳಿಯದು. ಟಾರ್ಪಾಲಿನಡಿಯಿಂದ ಬರುತ್ತಿದ್ದ ಪೆಟ್ರೋಲು ಮತ್ತು ಕಾದ ರೆಕ್ಸಿನ್ನಿನ ವಾಸನೆಗೆ ನಾನಾಗಲೇ ಗುಬ್ಬಿ ಹತ್ತಿರದ ಕಡಬದ ತೆಂಗಿನ ತೋಟ ಸೇರಿಬಿಟ್ಟಿದ್ದೆ.

ನೀವೂ ಬನ್ನಿ. ಐವತ್ತರ ದಶಕದ ಕೊನೆಯ ವರ್ಷಗಳು. ನಾನು ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದೆ; ಓದುತ್ತಿದ್ದೇನೆಂದು ಮನೆಯವರು ನಂಬಿದ್ದರು. ನಮ್ಮ ದೊಡ್ಡಪ್ಪ ಕೊಲಂಬೊದಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಬಳಿ ಬಹಳ ವರ್ಷ ದುಡಿದು ಊರಿಗೆ ಮರಳಿದ್ದರು. ಅಷ್ಟೂ ವರ್ಷ ದೊಡ್ಡಮ್ಮ ಕಡಬದಲ್ಲಿ ಒಬ್ಬರೇ ತೋಟ ನೋಡಿಕೊಂಡಿದ್ದರು. ಅಪರೂಪಕ್ಕೆ ಬಂದುಹೋಗುವಾಗ ದೊಡ್ಡಪ್ಪ ಪ್ರತಿಸಲವೂ ಹೇಳುತ್ತಿದ್ದುದು ಒಂದೇ ಮಾತು: "ಸ್ವಲ್ಪ ತಡ್ಕೊ ಕಣೇ. ಒಂದಿನ ಕಾರ್ ತಂದು ಅದರಲ್ಲೇ ನಿನ್ನ ತವ್ರಿಗೆ ಕರ್ಕೊಂಡೋಗ್ತೀನಿ." ತವರೆಂದರೆ ಕುಣಿಗಲ್ ದಾಟಿ ಅಮೃತೂರು.

ಕಾರೇನೋ ಬಂತು. ಹಡಗಿನಲ್ಲಿ ಮದರಾಸಿಗೆ, ಅಲ್ಲಿ ಸುಂಕ ಕಟ್ಟಿ, ತಾತ್ಕಾಲಿಕ ಪರ್ಮಿಟ್ಟಿನ ಮೇಲೆ ಕಡಬಕ್ಕೆ. ಆಮೇಲೆ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ತುಮಕೂರಿನ ಮೋಟಾರು ಕಚೇರಿಗೆ ಹೋದರು. ಇಂಗ್ಲಿಷ್ ಬೇಕಾದರೆ ಇರಲಿ ಎಂದು ನಾನು. ಪುಣ್ಯಕ್ಕೆ ಬೇಕಾಗಲಿಲ್ಲ. ಬ್ರೇಕ್ ಇನ್ಸ್‌ಪೆಕ್ಟರು ಕನ್ನಡದಲ್ಲೇ ಸಮಾಧಾನವಾಗಿ ವಿವರಿಸಿದರು: ಕೊಲಂಬೊ ನಂಬರು ಇಲ್ಲಿ ನಡೆಯದು, ಮೈಸೂರು ರಾಜ್ಯದ ನಂಬರು ಪಡೆಯಬೇಕು, ಮೂರು ತಿಂಗಳಿಗೊಮ್ಮೆ ರಸ್ತೆ ತೆರಿಗೆ ಕಟ್ಟಬೇಕು.

"ಹಾಗಾದ್ರೆ ಮದ್ರಾಸಲ್ಲಿ ಕಟ್ಟಿದ್ದು?" ಎಂದರು ದೊಡ್ಡಪ್ಪ.

"ಅದು ದೇಶದೊಳಕ್ಕೆ ತಂದಿದ್ದಕ್ಕೆ ಸ್ವಾಮಿ. ಇದು ರಸ್ತೆ ಮೇಲೆ ಓಡ್ಸೋದಕ್ಕೆ."

"ಕಡಬದಿಂದ ಗುಬ್ಬಿಗೆ ಒಂದ್ಸಲ ಬನ್ನಿ. ರಸ್ತೆ ಎಲ್ಲಿದೆ ತೋರ್ಸಿ, ಅಲ್ಲೇ ಕಟ್ತೀನಿ."

ಇನ್ಸ್‌ಪೆಕ್ಟರು ನಕ್ಕರು. "ಕಟ್ಟಲ್ಲ ಅಂದ್ರೆ ನಿಮ್ಮ ತೋಟದೊಳಗೆ ಓಡಿಸ್ಕೊಳಿ. ಯಾರೂ ಕೇಳಲ್ಲ."

ತಮಾಷೆಯ ಮಾತನ್ನು ದೊಡ್ಡಪ್ಪ ಗಟ್ಟಿಯಾಗಿ ಹಿಡಿದುಬಿಟ್ಟರು. ಕಟ್ಟಲು ದುಡ್ಡಿರಲಿಲ್ಲವೆಂದಲ್ಲ. ಹಠ. ತೆಂಗಿನ ಸಾಲುಗಳ ನಡುವೆ ನೆಲ ಸಮ ಮಾಡಿಸಿದರು. ಸಂಜೆಯಾದರೆ ಗರಿಗರಿ ಪಂಚೆಯುಟ್ಟು, ದೊಡ್ಡಮ್ಮನನ್ನು ಕೂರಿಸಿಕೊಂಡು ತೋಟ ಸುತ್ತುವರು. ತಿರುವಿನಲ್ಲಿ ಹಾರನ್ ಬೇರೆ. ಎದುರಿಗೆ ಬರುವುದು ನಮ್ಮದೇ ಎಮ್ಮೆ. ರಜೆಗೆ ಹೋದಾಗ ನಾನೂ ಸುತ್ತಿದ್ದೇನೆ. ಗುಬ್ಬಿಯವರೆಗೆ ಹೋಗಿಬಂದಷ್ಟು ಮೈ ನೋಯುತ್ತಿತ್ತು, ಇಳಿದರೆ ಅದೇ ಬಾವಿಕಟ್ಟೆ. "ತೋಟ ನಾನು ಕಾಣದ್ದಾ? ಇಷ್ಟು ವರ್ಷ ಕಂಡಿದ್ದೇ ಅದೊಂದನ್ನ," ಎಂದು ದೊಡ್ಡಮ್ಮ ಇಳಿಯುತ್ತ ಹೇಳಿದ್ದು ನನಗೊಬ್ಬನಿಗೇ ಕೇಳಿಸಿತು.

ಹೀಗಿರುವಾಗ, ನಾನು ರಜೆಗೆ ಹೋಗಿದ್ದಾಗಲೇ, ಅಮೃತೂರಿನಿಂದ ಸುದ್ದಿ ಬಂತು. ದೊಡ್ಡಮ್ಮನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಮಗಳನ್ನು ಕನವರಿಸುತ್ತಿದ್ದರು. ದೊಡ್ಡಪ್ಪ ಕೂಡಲೇ ಕಾರು ತೆಗೆದರು. ದೊಡ್ಡಮ್ಮ, ನಾನು ಹತ್ತಿದೆವು. ತೋಟದ ಗೇಟಿನ ಹತ್ತಿರ ಕಾರು ನಿಂತಿತು. ಇಂಜಿನ್ನೂ ನಿಂತಿತು.

"ತೆರಿಗೆ ಕಟ್ಟದೆ ಇಳಿಸಿದ್ರೆ ಕಳ್ಳತನ ಆಗುತ್ತೆ ಕಣೇ," ಎಂದರು ದೊಡ್ಡಪ್ಪ, ಸ್ಟೀರಿಂಗ್ ನೋಡುತ್ತ. "ಕಟ್ಟಲ್ಲ ಅಂದೋನು ನಾನು. ಕದಿಯೋನಲ್ಲ."

ದೊಡ್ಡಮ್ಮ ಕೈಚೀಲ ಎತ್ತಿಕೊಂಡು ಇಳಿದರು. "ನಿಮ್ಮ ನ್ಯಾಯ ನಿಮಗಿರ್ಲಿ. ನಾನು ಬಸ್ಸಿಗೆ ಹೋಗ್ತೀನಿ." ನಾನು ಜೊತೆಗೆ ಬರಲು ಎದ್ದರೆ, "ಬೇಡ ಕಣೋ. ನಿಮ್ಮ ದೊಡ್ಡಪ್ಪನ ಹತ್ರ ಇರು. ಕಾರಿಂದ ಇಳೀರಿ ಅಂತ ಹೇಳೋಕಾದ್ರೂ ಒಬ್ರು ಬೇಕು," ಎಂದರು.

ಒಬ್ಬರೇ ಅಷ್ಟು ದೂರ ಅವರು ಎಂದೂ ಹೋದವರಲ್ಲ. ದೊಡ್ಡಪ್ಪ ಕತ್ತಲಾಗುವವರೆಗೆ ಕಾರಿನಲ್ಲೇ ಕೂತಿದ್ದರು. ಮರುದಿನ ತುಮಕೂರಿಗೆ ಹೋಗಿ ಅರ್ಜಿ ಕೊಟ್ಟರು. ತೋಟದಲ್ಲೇ ಕಾರಿನ ತಪಾಸಣೆಯಾಯಿತು, ತೆರಿಗೆ ಕಟ್ಟಿದ್ದಾಯಿತು, ಮುಂದಿನ ವಾರ ನಂಬರೂ ಬಂತು. ಇನ್ಸ್‌ಪೆಕ್ಟರು ನಗಲಿಲ್ಲ, ಅದೊಂದು ದೊಡ್ಡತನ.

ನಾವು ಅಮೃತೂರು ತಲುಪಿದಾಗ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮೂಳೆ ಮುರಿದಿರಲಿಲ್ಲ. ಹಣೆಗೆ ಕೈಯಿಟ್ಟು ಕಾರನ್ನು ನೋಡಿದರು, ಅಳಿಯನನ್ನು ನೋಡಿದರು. "ಇದಕ್ಕೇನಪ್ಪಾ, ನನ್ನ ಮಗ್ಳನ್ನ ಅಷ್ಟು ವರ್ಸ ಒಂಟಿಯಾಗಿ ಬುಟ್ಟಿದ್ದು?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಬರೀ ಕುತೂಹಲ. ದೊಡ್ಡಪ್ಪ ಟವೆಲಿನ ತುದಿಯಿಂದ ಕಾರಿನ ಗಾಜು ಒರೆಸುತ್ತ ನಿಂತರು, ಒರೆಸಿದ್ದನ್ನೇ ಒರೆಸುತ್ತ.

ಮರುದಿನ ಹೊರಡುವಾಗ ದೊಡ್ಡಮ್ಮ, "ನಾನು ಬಸ್ಸಲ್ಲೇ ಬರ್ತೀನಿ," ಎಂದರು. ಬರುವಾಗ ಬಸ್ಸಿನಲ್ಲಿ ಅವರಿಗೊಬ್ಬಳು ಗೆಳತಿ ಸಿಕ್ಕಿದ್ದಳಂತೆ, ಕಿಟಕಿ ಪಕ್ಕ ಸೀಟು ಸಿಕ್ಕಿತ್ತಂತೆ. ಬಸ್ಸು ಮುಂದೆ ಹೊರಟಿತು, ನಾವು ಅದರ ಹಿಂದೆ. ಅದು ನಿಂತಲ್ಲೆಲ್ಲ ನಾವೂ ನಿಂತೆವು. ಕುಣಿಗಲ್ ಬಂತು, ಹೋಯಿತು. ಧೂಳಿನಲ್ಲಿ ನನಗೆ ಉಸಿರುಗಟ್ಟುತ್ತಿತ್ತು. "ಮುಂದೆ ಹೋಗ್ಬಿಡಾಣ ದೊಡ್ಡಪ್ಪ," ಎಂದೆ.

"ಬೇಡ. ಹಿಂದೇನೇ ಇರಾಣ."

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಮ್ಮ ಇಳಿದು, ಧೂಳಿನಿಂದ ಹುಬ್ಬಿನವರೆಗೂ ಕೆಂಪಾಗಿದ್ದ ಗಂಡನನ್ನು ನೋಡಿದರು. ನಗು ಉಕ್ಕಿ ಬಂದು ಬಸ್ಸಿನ ಕಂಬಿ ಹಿಡಿದುಕೊಂಡರು. ಆಮೇಲೆ, ಆ ಕಾಲದಲ್ಲಿ, ಅಷ್ಟು ಜನರೆದುರು, ಸೆರಗಿನಿಂದ ಅವರ ಮುಖ ಒರೆಸಿದರು. ನಾನು ಬಾಳೆಹಣ್ಣಿನ ಗಾಡಿಯನ್ನು ಬಹಳ ಗಮನವಿಟ್ಟು ನೋಡಿದೆ.

"ಈಗ್ಲೇ ಊರಿಗೆ ಬೇಡ," ಎಂದರು ದೊಡ್ಡಮ್ಮ, ಮುಂದಿನ ಸೀಟಿನಲ್ಲಿ ಕೂರುತ್ತ. "ನಾನು ಕಾಣದ ಯಾವ್ದಾದ್ರೂ ರಸ್ತೇಲಿ ಕರ್ಕೊಂಡೋಗಿ. ಹೆಂಗೂ ಕಟ್ಟಿದೀರಲ್ಲ."

ನನ್ನನ್ನು ರೂಮಿನ ಹತ್ತಿರ ಇಳಿಸಿ ಹೋದರು. ಯಾವ ರಸ್ತೆ ಹಿಡಿದರೋ, ಇಬ್ಬರೂ ಕೊನೆಯವರೆಗೆ ಹೇಳಲಿಲ್ಲ.

ನಿನ್ನೆ ನಾನು ಕಾಂಪೌಂಡಿನಿಂದ ಒಳಗೆ ಬಂದಾಗ ನನ್ನವಳು ಅವರೆಕಾಯಿ ಸುಲಿಯುತ್ತಿದ್ದಳು. "ನಿನಗೆ ಎಲ್ಲಿಗಾದ್ರೂ ಹೋಗ್ಬೇಕು ಅಂತ ಆಸೆ ಇದೆಯಾ?" ಎಂದೆ.

ಅವಳು ಗಾಬರಿಯಿಂದ ತಲೆಯೆತ್ತಿದಳು. "ಯಾಕ್ರೀ, ಮೈ ಹುಷಾರಿಲ್ವಾ?" ನಾನು ಪಕ್ಕದಲ್ಲೇ ಕೂತದ್ದನ್ನು ಕಂಡು, ಇನ್ನೊಂದೆರಡು ಕಾಯಿ ಸುಲಿದು, ಮೆಲ್ಲಗೆ ಹೇಳಿದಳು: "ಕುಣಿಗಲ್ ಕೆರೆ ಏರಿ ಮೇಲೆ ಒಂದ್ಸಲ ನಡೀಬೇಕು ಅಂತಿತ್ತು. ಮದುವೆ ಆದಾಗ್ನಿಂದ."

ಅದು ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಚಪ್ಪಲಿ ಮೆಟ್ಟಿಕೊಂಡೆ.