ಸ್ವಿಚ್ಚಿನ ಮೇಲೊಂದು ಬಟ್ಟೆ ತುಂಡು

ನಮ್ಮ ಚಿಕ್ಕಮ್ಮ ಬಟ್ಟೆ ಕತ್ತರಿಸೋದನ್ನ ನೀವು ಒಂದ್ಸಲ ನೋಡಬೇಕಿತ್ತು. ಸೀಮೆಸುಣ್ಣದ ಗೆರೆ ಎಳೆಯುವುದೆಲ್ಲ ಉಳಿದವರ ಪಾಡು. ಅವಳು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಒಮ್ಮೆ ಸವರಿ ಕತ್ತರಿ ಇಟ್ಟಳೆಂದರೆ ಕಂಕುಳಿನ ತಿರುವು ಕೂಡ ಒಂದೇ ಉಸಿರಿಗೆ ಬಂದುಬಿಡುತ್ತಿತ್ತು. ಅವಳಿದ್ದ ಟೈಲರ್ ಅಂಗಡಿಯಲ್ಲೇ ನಾನು ಮಿಷನ್ ಮೇಲೆ ಅಂಚು ಹೊಲಿಯುತ್ತಿದ್ದೆ. ಅವಳು ಕತ್ತರಿ ಹಿಡಿದಳೆಂದರೆ ನನ್ನ ಕಾಲು ಪೆಡಲ್ ಮೇಲೆ ತಾನಾಗೇ ನಿಂತುಬಿಡುತ್ತಿತ್ತು. ಎಲ್ಲರೂ ಅವಳನ್ನು ಕರೆಯೋದೇ ಕತ್ತರಿಯಕ್ಕ ಅಂತ.

ಅಂಗಡಿ ಒಂದೇ ಕೋಣೆ, ಫ್ಯಾನೂ ಒಂದೇ. ತೆಳು ಬಟ್ಟೆ ಕತ್ತರಿಸುವಾಗ ಅದನ್ನು ಹಾಕುವಂತಿಲ್ಲ. ಗಾಳಿಗೆ ಅಂಚು ಎದ್ದರೆ ಕತ್ತರಿ ದಾರಿ ತಪ್ಪುತ್ತದೆ. ಅದಕ್ಕೆ ಕತ್ತರಿಸುವವರು ಸ್ವಿಚ್ಚಿನ ಮೇಲೆ ಟೇಪು ಹಚ್ಚಿ ಒಂದು ಬಟ್ಟೆ ತುಂಡು ಅಂಟಿಸುತ್ತಾರೆ. ಅದು ಇರುವ ತನಕ ಮಾಲೀಕರೂ ಸ್ವಿಚ್ ಮುಟ್ಟುವುದಿಲ್ಲ. ಈ ಕಟ್ಟಳೆ ಮಾಡಿದವಳು ಚಿಕ್ಕಮ್ಮನೇ.

ಮುಟ್ಟು ನಿಂತ ಮೇಲೆ ಅವಳಿಗೆ ಬಿಸಿ ಏರಲು ಶುರುವಾಯಿತು. ಎದೆಯಿಂದ ಎದ್ದು ಕುತ್ತಿಗೆ, ಕಿವಿ, ನೆತ್ತಿ ಎಲ್ಲ ಕಾದ ಹೆಂಚಾಗುತ್ತಿತ್ತು. ಆಮೇಲೆ ಬೆವರು ಧಾರೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಕಣ್ಣು ಕೆಂಪು.

ಗುಂಡಿಗೆ ಕಾಜಾ ಹೊಲಿಯುವ ಅಜ್ಜಿ ಸುಮ್ಮನಿರುವವಳಲ್ಲ. "ಏ ಕತ್ತರಿ, ಈ ಕಡೆ ಬಾರೆ. ನಿನ್ನ ಬೆನ್ನ ಮೇಲೆ ಈ ಅಂಗಿ ಹಾಸಿದ್ರೆ ಇಸ್ತ್ರಿ ಕರೆಂಟಾದ್ರೂ ಉಳಿಯುತ್ತೆ!"

"ಹಾಸು ಹಾಸು. ಸುಟ್ರೆ ಗಿರಾಕಿ ಬೈಗುಳ ನಿನಗೆ."

ನಗುತ್ತಿದ್ದಳು. ಆದರೆ ಬೆವರು ಒರೆಸಿ ಒರೆಸಿ ಸೆರಗು ಒದ್ದೆಯಾಗಿರುತ್ತಿತ್ತು.

ಒಂದು ದಿನ ಮದುವೆ ಹುಡುಗಿಯ ಶಿಫಾನ್ ಬಂತು. ಅವರಜ್ಜಿ ಎತ್ತಿಟ್ಟಿದ್ದ ಬಟ್ಟೆಯಂತೆ, ಇನ್ನೊಂದು ಸಿಗುವಂಥದ್ದಲ್ಲ. ಚಿಕ್ಕಮ್ಮ ಸ್ವಿಚ್ಚಿನ ಮೇಲೆ ತುಂಡು ಅಂಟಿಸಿ ಶುರು ಮಾಡಿದಳು. ಅರ್ಧ ದಾರಿಯಲ್ಲಿ ಬಿಸಿ ಏರಿತು. ಬಟ್ಟೆಯನ್ನು ಕತ್ತರಿಯ ಬಾಯಲ್ಲೇ ಬಿಟ್ಟು ಹೋಗಿ, ತುಂಡನ್ನು ತಾನೇ ಕಿತ್ತು ಫ್ಯಾನ್ ಹಾಕಿದಳು. ಎರಡು ಉಸಿರು ಎಳೆದುಕೊಂಡು ಮೇಜಿಗೆ ಬಂದವಳಿಗೆ ಫ್ಯಾನ್ ಆರಿಸುವುದು ಮರೆತೇಹೋಗಿತ್ತು. ಶಿಫಾನ್ ಎದ್ದಿತು, ಕತ್ತರಿ ಬಟ್ಟೆಯ ಎದೆಭಾಗದೊಳಗೇ ನುಗ್ಗಿತು.

ಮಾಲೀಕರು ಕೂಗಾಡಲಿಲ್ಲ. ಮೆಲ್ಲಗೆ, "ಅಕ್ಕಾ, ಏನಾದ್ರೂ ಔಷಧಿ ಮಾಡಿಸ್ಕೊಳ್ಳಿ. ಇನ್ನೊಂದ್ಸಲ ಹೀಗಾದ್ರೆ ಮೇಜು ಬೇರೆಯವರಿಗೆ ಕೊಡ್ಬೇಕಾಗುತ್ತೆ" ಅಂದರು. ಕೂಗಾಡಿದ್ದರೇ ವಾಸಿಯಿತ್ತು.

ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿ, ಈ ಬಿಸಿಗೆ ಚೆನ್ನಾಗಿ ಕೆಲಸ ಮಾಡೋದು ಹಾರ್ಮೋನ್ ಔಷಧಿ ಅಂದರು. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ ಅಂತ ಕೇಳಿದರು.

"ನಮ್ಮಕ್ಕನಿಗೆ. ಇವಳಮ್ಮ. ಅದ್ರಲ್ಲೇ ಹೋದ್ಲು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾರ್ಮೋನ್ ಆ ಅಪಾಯ ಸ್ವಲ್ಪ ಹೆಚ್ಚಿಸಬಹುದು. ಹಾಗಂತ ಅದು ಬೇಡವೇ ಬೇಡ ಅಂತಲ್ಲ. ಮೊದಲು ಪರೀಕ್ಷೆ ಮಾಡಿಸೋಣ, ನಿಮಗೆಷ್ಟು ಅಪಾಯ ಅಂತ ನೋಡಿ ಆಮೇಲೆ ಯೋಚಿಸೋಣ. ಹಾರ್ಮೋನ್ ಇಲ್ಲದ ಮಾತ್ರೆನೂ ಇದೆ. ಬಿಸಿ ಸ್ವಲ್ಪ ಕಮ್ಮಿ ಮಾಡುತ್ತೆ, ಪೂರ್ತಿ ಅಲ್ಲ. ಕೆಲವರಿಗೆ ಮಂಪರು, ತಲೆ ಸುತ್ತು ಬರುತ್ತೆ."

"ಹಾರ್ಮೋನ್ ತಗೊಂಡ್ರೆ ನನಗೂ ಅಕ್ಕನ ಥರ ಆಗಲ್ಲ ಅಂತ ಹೇಳ್ತೀರಾ?"

"ಅಷ್ಟು ಖಡಾಖಂಡಿತವಾಗಿ ಯಾರೂ ಹೇಳೋಕಾಗಲ್ಲಮ್ಮ."

ದಾರಿಯುದ್ದಕ್ಕೂ ನಾನು ತಲೆ ತಿಂದೆ. "ಪರೀಕ್ಷೆ ಮಾಡಿಸ್ಕೋ ಚಿಕ್ಕಮ್ಮ, ಸರಿಯಿದ್ರೆ ಹಾರ್ಮೋನೇ ತಗೋ. ನೀನು ಕತ್ತರಿ ಬಿಟ್ರೆ ಆ ಅಂಗಡಿಯಲ್ಲಿ ಏನಿದೆ?"

ಅವಳು ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಳು. "ನಿಮ್ಮಮ್ಮನಿಗೆ ಕೊನೆಗೆ ತೋಳು ಎತ್ತೋಕಾಗ್ತಿರಲಿಲ್ಲ. ಗಾಯದ ಬಟ್ಟೆ ಬದಲಾಯಿಸೋಕೆ ಒಂದು ಪಕ್ಕ ಪೂರ್ತಿ ತೆರೆದಿರೋ ಅಂಗಿ ಬೇಕಿತ್ತು. ಅದನ್ನ ಕತ್ತರಿಸಿದ್ದು ನಾನು. ನನಗೂ ಅಂಥದ್ದು ಬೇಕಾದ್ರೆ ಯಾರು ಕತ್ತರಿಸ್ತಾರೆ? ನೀನಾ?"

ಬಸ್ ಬಂತು, ಹತ್ತಿದೆವು. ಆಮೇಲೆ ನಾನು ಹಾರ್ಮೋನಿನ ಮಾತು ಎತ್ತಲಿಲ್ಲ.

ಹಾರ್ಮೋನ್ ಇಲ್ಲದ ಮಾತ್ರೆ ಶುರುವಾಯಿತು. ಬಿಸಿ ಏರುವುದು ಕಮ್ಮಿಯಾಯಿತು, ನಿದ್ದೆಯೂ ಬಂತು. ನಾನು ಹಿರಿಹಿರಿ ಹಿಗ್ಗಿದೆ. ಆದರೆ ಆ ನಿದ್ದೆ ಬೆಳಿಗ್ಗೆ ಬಿಡುತ್ತಲೇ ಇರಲಿಲ್ಲ. ಮೇಜಿನ ಮುಂದೆ ನಿಂತವಳು ಬಟ್ಟೆ ಸವರುತ್ತಲೇ ಇರುತ್ತಿದ್ದಳು, ಕತ್ತರಿ ಇಡುತ್ತಿರಲಿಲ್ಲ. ಒಂದು ದಿನ ಕೇಳಿದಳು, "ಸೀಮೆಸುಣ್ಣ ಎಲ್ಲಿದೆ?" ಕಾಜಾ ಅಜ್ಜಿಯ ಸೂಜಿ ಅಲ್ಲೇ ನಿಂತಿತು. ಗೆರೆ ಎಳೆದರೂ ಎರಡು ತೋಳು ಎರಡು ಅಳತೆಗೆ ಬಂದವು.

ಡಾಕ್ಟರಮ್ಮ ಮಾತ್ರೆಯ ಪ್ರಮಾಣ ಇಳಿಸಿದರು. ಮಂಪರು ಸ್ವಲ್ಪ ಕರಗಿತು, ಹಿಂದೆಯೇ ಬಿಸಿ ವಾಪಸ್ ಬಂತು. "ಇನ್ನೊಂದು ಥರದ ಮಾತ್ರೆ ನೋಡೋಣ, ಪರೀಕ್ಷೆ ಮಾಡಿಸಿದ್ರೆ ಹಾರ್ಮೋನಿನ ದಾರಿನೂ ಮುಚ್ಚಿಲ್ಲ" ಅಂದರು ಅವರು. ಚಿಕ್ಕಮ್ಮ ಚೀಲ ಎತ್ತಿಕೊಂಡು ಎದ್ದಳು. "ಸಾಕಮ್ಮ. ಕತ್ತರಿ ಹೋದ್ರೆ ಹೋಗ್ಲಿ."

ಮಾಲೀಕರು ಬೇರೆಯವರನ್ನು ಹುಡುಕುವ ಮುಂಚೆ ಅವಳೇ ಕತ್ತರಿ ತಂದು ನನ್ನ ಮಿಷನ್ ಮೇಲಿಟ್ಟಳು. ಹಿಡಿಯಲ್ಲಿ ಅವಳ ಹೆಬ್ಬೆರಳಿನ ಸವೆತ ಇತ್ತು. ನನ್ನ ಬೆರಳು ಅದರಲ್ಲಿ ಕೂರಲಿಲ್ಲ.

ಈಗ ಅವಳು ಅಜ್ಜಿಯ ಪಕ್ಕ ಕೂತು ಗುಂಡಿ ಹಚ್ಚುತ್ತಾಳೆ, ಸರಿಯಾಗಿ ಫ್ಯಾನಿನ ಕೆಳಗೆ. ಮೊನ್ನೆ ಮತ್ತೆ ಶಿಫಾನ್ ಬಂತು. ನಾನು ಸ್ವಿಚ್ಚಿನ ಮೇಲೆ ತುಂಡು ಅಂಟಿಸಿ, ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಕುತ್ತಿಗೆ ಕೆಂಪೇರಿತು. ಬೆವರು ಗದ್ದದಿಂದ ಗುಂಡಿಯ ಡಬ್ಬಿಗೆ ತೊಟ್ಟಿಕ್ಕತೊಡಗಿತು.

"ಚಿಕ್ಕಮ್ಮ, ಫ್ಯಾನ್ ಹಾಕ್ಲಾ? ಆಮೇಲೆ ಕತ್ತರಿಸ್ತೀನಿ."

"ಅರ್ಧಕ್ಕೆ ನಿಲ್ಲಿಸಿದ್ರೆ ಏನಾಗುತ್ತೆ ಅಂತ ನೋಡಿಲ್ವಾ? ನನ್ನ ಮುಖ ನೋಡ್ಬೇಡ. ಬಟ್ಟೆ ನೋಡು."

ನಾನು ಬಟ್ಟೆ ನೋಡಿದೆ.